ಈದ ಮೊದಲ ನೂರು ದಿನ: ಹಾಲೂ ಬೇಕು, ಮುಂದಿನ ಕರುವೂ ಬೇಕು

ಎಮ್ಮೆಯಿಂದ ಹಾಲು ಇಳಿಸುವುದು ಹೇಗೆಂದು ಮುಂಬಯಿಯ ತಬೇಲಾದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಗೇಶ್ವರಿ, ಗೋರೆಗಾಂವ್, ಮಾಲಾಡ್ ಕಡೆ ತಲೆಮಾರುಗಳಿಂದ ಈ ಕಸುಬು ನಡೆದಿದೆ. ನಡುರಾತ್ರಿ ದಾಟುತ್ತಲೇ ದೀಪ ಹತ್ತುತ್ತದೆ. ನೆನೆಸಿಟ್ಟ ಸರ್ಕಿ (ಹತ್ತಿಕಾಳು) ಹಿಂಡಿ, ತೊಗರಿ ಚುನಿ, ಗೋಧಿ ಬೂಸಾ ಗೋದಲಿಗೆ ಬೀಳುತ್ತದೆ. ಬೆಳಕು ಹರಿಯುವಷ್ಟರಲ್ಲಿ ಕ್ಯಾನುಗಳು ಹೋಟೆಲು, ಮಿಠಾಯಿ ಅಂಗಡಿ, ಚಾಳಿನ ಮನೆಗಳ ಕಡೆ ಹೊರಟಿರುತ್ತವೆ. ವಸಯಿ, ಕಲ್ಯಾಣ, ಬದಲಾಪುರದ ಕಡೆ ಒಂದಿಷ್ಟು ಜಾಗ ಮಾಡಿಕೊಂಡು ನಾಲ್ಕು ಎಮ್ಮೆ ಕಟ್ಟಬೇಕೆನ್ನುವ ನಮ್ಮವರೂ, ಮುಂಬಯಿಯ ನೌಕರಿ ಮುಗಿಸಿ ಊರಿಗೆ ಹೋಗಿ ಹಸು ಸಾಕಬೇಕೆನ್ನುವವರೂ ಮೊದಲು ಹೋಗಿ ನೋಡುವುದು ಈ ತಬೇಲಾಗಳನ್ನೇ. ನೋಡಬೇಕು ಕೂಡ. ಆದರೆ ಅಲ್ಲಿ ಸಿಗುವುದು ಅರ್ಧ ಪಾಠ. ಈದ ಎಮ್ಮೆಗೆ ಹಾಲಿಗಾಗಿ ಮೇವು ಹಾಕುವುದನ್ನು ಅಲ್ಲಿ ಕಲಿಯಬಹುದು. ಅದೇ ಎಮ್ಮೆ ಮತ್ತೆ ಗಬ್ಬವಾಗುವಂತೆ ಮೇವು ಹಾಕುವುದನ್ನು ಅಲ್ಲಿ ಕಲಿಯಲಾಗದು. ಆ ಉಳಿದರ್ಧವನ್ನು ಹೇಳುವುದಕ್ಕಾಗಿಯೇ ಈ ಲೇಖನ.

ತಬೇಲಾದಲ್ಲಿ ಅದು ಯಾಕಿಲ್ಲ ಎನ್ನುವುದನ್ನು ಮೊದಲು ತಿಳಿದುಕೊಳ್ಳಿ. ಅಲ್ಲಿನವರಿಗೆ ತಿಳಿವಳಿಕೆ ಕಡಿಮೆ ಎಂದಲ್ಲ, ನಗರದ ಲೆಕ್ಕವೇ ಹಾಗಿದೆ. ಮುಂಬಯಿಗೆ ಎಮ್ಮೆ ಬರುವುದು ಈದ ಮೇಲೆ. ಗುಜರಾತಿನಿಂದ ಜಾಫ್ರಾಬಾದಿ, ಮೆಹಸಾಣಿ, ಸೂರ್ತಿ. ಹರಿಯಾಣದ ಕಡೆಯಿಂದ ಮುರ್ರಾ. ಹಾಲಿರುವಷ್ಟು ತಿಂಗಳು ಹೊಟ್ಟೆ ತುಂಬ ಹಾಕಿ ಹಿಂಡುತ್ತಾರೆ. ಹಾಲು ಬತ್ತಿದ ಎಮ್ಮೆಯನ್ನು ಇಷ್ಟು ದುಬಾರಿ ಜಾಗದಲ್ಲಿ, ಕೊಂಡು ತಂದ ಹುಲ್ಲಿನ ಮೇಲೆ, ಇನ್ನೊಂದು ಕರುವಿನವರೆಗೆ ಸಾಕುವುದಕ್ಕಿಂತ ಅದನ್ನು ಮಾರಿ ಹೊಸದಾಗಿ ಈದ ಎಮ್ಮೆ ತರುವುದು ಅಗ್ಗ. ಹಾಗಾಗಿ ಇನ್ನೂ ನಾಲ್ಕೈದು ಕರು ಹಾಕಬಲ್ಲ ಒಳ್ಳೊಳ್ಳೆಯ ಎಮ್ಮೆಗಳು ಒಂದೇ ಸೂಲಿಗೆ ಕಸಾಯಿಖಾನೆಯ ದಾರಿ ಹಿಡಿದವು. ಕರುಗಳ ಗತಿಯೂ ಅಷ್ಟೇ. ಕರು ಸತ್ತರೆ ಎಮ್ಮೆ ಸೊರೆ ಬಿಡುವುದಿಲ್ಲ, ಆಗ ಚುಚ್ಚುಮದ್ದಿನ ಮೊರೆ ಹೋಗುವವರಿದ್ದಾರೆ. ಹಿಂದೆ ಇದಕ್ಕಿಂತ ಘೋರವಾದ ಫೂಕಾ ಎಂಬ ಪದ್ಧತಿ ಇತ್ತು. ಹಸು ಎಮ್ಮೆಗಳ ಯೋನಿಯೊಳಗೆ ಗಾಳಿ ಊದಿ ಹಾಲು ಸುರಿಸುತ್ತಿದ್ದರು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಇದನ್ನು ಹೆಸರು ಹಿಡಿದೇ ನಿಷೇಧಿಸಲಾಗಿದೆ. ಕಲ್ಕತ್ತೆಯ ಫೂಕಾದ ಸಂಗತಿ ತಿಳಿದೇ ಗಾಂಧೀಜಿ ಹಸು, ಎಮ್ಮೆಯ ಹಾಲು ತೊರೆದದ್ದು.

ತಬೇಲಾಗಳ ಈ ಸ್ಥಿತಿಯನ್ನು ಸರಿಪಡಿಸುವ ಪ್ರಯತ್ನಗಳೂ ಇದೇ ಊರಿನ ಹಾಲಿಗಾಗಿ ನಡೆದವು. ದಾರಾ ಖುರೋಡಿಯವರ ಮುಂದಾಳತನದಲ್ಲಿ ಗೋರೆಗಾಂವಿನ ಆರೇ ಹಾಲು ಕಾಲೊನಿ 1949ರಲ್ಲಿ ಶುರುವಾಗಿ, 1951ರಲ್ಲಿ ನೆಹರೂ ಕೈಯಿಂದ ಉದ್ಘಾಟನೆಯಾಯಿತು. ನಗರದ ಮಧ್ಯೆ ಇದ್ದ ಖಾಸಗಿ ಎಮ್ಮೆಗಳನ್ನು ಸುಮಾರು 1,287 ಹೆಕ್ಟೇರಿನ ಹಸಿರಿಗೆ ತಂದರು. ಕೊಟ್ಟಿಗೆ ಸರ್ಕಾರದ್ದು, ಎಮ್ಮೆ ಮಾಲೀಕರದ್ದು, ಹಾಲು ಕೊಳ್ಳುತ್ತಿದ್ದದ್ದು ಸರ್ಕಾರ. ಕೊಟ್ಟಿಗೆ ತೊಳೆದ ನೀರಿನಲ್ಲೇ ಪ್ಯಾರಾ ಹುಲ್ಲು ಬೆಳೆಸಿದರು. ಇನ್ನೊಂದು ದಾರಿ ಗುಜರಾತಿನ ಆನಂದ ಪಟ್ಟಣದ್ದು. 1946ರ ಡಿಸೆಂಬರಿನಲ್ಲಿ ನೋಂದಣಿಯಾದ ಖೇಡಾ ಜಿಲ್ಲೆಯ ಸಂಘ ಎಮ್ಮೆಯನ್ನು ಊರಲ್ಲೇ ಬಿಟ್ಟು ಹಾಲನ್ನು ಮಾತ್ರ ಮುಂಬಯಿಗೆ ಕಳಿಸಿತು. ಖುರೋಡಿ, ಈ ಸಂಘವನ್ನು ಕಟ್ಟಿ ಬೆಳೆಸಿದ ವರ್ಗೀಸ್ ಕುರಿಯನ್, ತ್ರಿಭುವನದಾಸ್ ಪಟೇಲ್ ಮೂವರಿಗೂ ಒಟ್ಟಿಗೆ 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಾಲಿನ ಇತಿಹಾಸ ಬರೆಯುವವರು ಆನಂದದ ಗೆಲುವನ್ನು ಬೆಲೆ, ಸಂಘಟನೆಗಳ ಕಡೆಯಿಂದ ನೋಡುತ್ತಾರೆ. ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು ಬೇರೆ: ಅಲ್ಲಿ ಎಮ್ಮೆ ಈದ ಮನೆಯಲ್ಲೇ ಉಳಿಯಿತು, ಮತ್ತೆ ಗಬ್ಬವಾಯಿತು, ಮತ್ತೆ ಈಯಿತು. ನೀವು ಸಾಕಬೇಕಾದ್ದು ಹಾಗೆ.

ಇನ್ನು ಪಾಠಕ್ಕೆ ಬರೋಣ. ಹಸುವಾಗಲಿ ಎಮ್ಮೆಯಾಗಲಿ, ಈದ ಮೇಲೆ ಹಾಲು ದಿನದಿನಕ್ಕೆ ಏರುತ್ತ ಹೋಗುತ್ತದೆ. ಹಸುವಿನಲ್ಲಿ ನಾಲ್ಕರಿಂದ ಎಂಟನೇ ವಾರದೊಳಗೆ, ಎಮ್ಮೆಯಲ್ಲಿ ಸ್ವಲ್ಪ ತಡವಾಗಿ, ಹಾಲು ತುದಿ ಮುಟ್ಟುತ್ತದೆ. ಮೇಯುವ ಶಕ್ತಿ ಮಾತ್ರ ಅಷ್ಟು ಬೇಗ ಏರುವುದಿಲ್ಲ. ಹೊಟ್ಟೆಯಲ್ಲಿ ಕರು ಹಿಡಿದಿದ್ದ ಜಾಗ ತೆರವಾಗಿ, ಮೆಲುಕು ಹೊಟ್ಟೆ ಹಿಗ್ಗಿ, ಹಸಿವು ಪೂರ್ತಿ ಕುದುರುವುದಕ್ಕೆ ಹತ್ತರಿಂದ ಹದಿನಾಲ್ಕು ವಾರ ಬೇಕು. ನಡುವಿನ ಈ ವಾರಗಳಲ್ಲಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಹೆಚ್ಚು. ಆ ಕೊರತೆಯನ್ನು ದನ ತನ್ನ ಮೈಯ ಕೊಬ್ಬು ಕರಗಿಸಿ ತುಂಬುತ್ತದೆ. ಇದು ಪ್ರಕೃತಿಯ ಏರ್ಪಾಡು. ಪೂರ್ತಿ ತಪ್ಪಿಸಲಾಗದು, ತಪ್ಪಿಸಬೇಕಾಗಿಯೂ ಇಲ್ಲ. ಕೊರತೆ ಎಷ್ಟು ಆಳ, ಎಷ್ಟು ದಿನ ಎನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಒಂದು ಲೆಕ್ಕ ಹಾಕಿ ನೋಡೋಣ. 500 ಕಿಲೋ ತೂಕದ ಮುರ್ರಾ ಎಮ್ಮೆ, ದಿನಕ್ಕೆ 12 ಲೀಟರ್ ಹಾಲು, ಜಿಡ್ಡು ಶೇ. 7 ಎಂದಿಟ್ಟುಕೊಳ್ಳಿ. ಮೇವಿನ ಶಕ್ತಿಯನ್ನು ನಮ್ಮಲ್ಲಿ ಒಟ್ಟು ಜೀರ್ಣವಾಗುವ ಪೋಷಕಾಂಶದ ಲೆಕ್ಕದಲ್ಲಿ ಅಳೆಯುತ್ತಾರೆ. ಸುಮ್ಮನೆ ನಿಂತು ಬದುಕುವುದಕ್ಕೇ ಈ ಎಮ್ಮೆಗೆ ಸುಮಾರು 3.7 ಕಿಲೋ ಬೇಕು. ಇಂಥ ಗಟ್ಟಿ ಹಾಲಿನ ಒಂದೊಂದು ಲೀಟರಿಗೂ ಸುಮಾರು 0.46 ಕಿಲೋ, ಹನ್ನೆರಡು ಲೀಟರಿಗೆ ಐದೂವರೆ ಕಿಲೋ. ಕೂಡಿದರೆ 9.2 ಕಿಲೋ. ಈದ ಇಪ್ಪತ್ತನೇ ದಿನ ಅದು ತಿನ್ನಬಲ್ಲದ್ದು ನೀರಿನಂಶ ಕಳೆದು ಹನ್ನೊಂದೂವರೆ ಕಿಲೋ ಇದ್ದರೆ, ಒಳ್ಳೆಯ ಮೇವಿನಿಂದಲೂ ಸಿಗುವುದು 7.4 ಕಿಲೋ. ಉಳಿದ 1.8 ಕಿಲೋ ದಿನಾ ಮೈಯಿಂದ ಹೋಗಬೇಕು. ಹನ್ನೆರಡನೇ ವಾರಕ್ಕೆ ಇದೇ ಎಮ್ಮೆ ಹದಿನಾಲ್ಕು ಕಿಲೋ ತಿನ್ನತೊಡಗಿದಾಗ ಲೆಕ್ಕ ಹೆಚ್ಚುಕಡಿಮೆ ಸಮವಾಗುತ್ತದೆ.

ಕರಗಿದ ಕೊಬ್ಬು ರಕ್ತದಲ್ಲಿ ಹರಿದು ಪಿತ್ತಜನಕಾಂಗಕ್ಕೆ ಬರುತ್ತದೆ. ಅದನ್ನು ಶಕ್ತಿಯಾಗಿ ಉರಿಸಲು ಸಕ್ಕರೆಯ ಅಂಶ ಬೇಕು. ಆ ಹೊತ್ತಿನಲ್ಲಿ ಸಕ್ಕರೆಯೆಲ್ಲ ಕೆಚ್ಚಲ ಕಡೆಗೇ ಹೋಗುತ್ತಿರುತ್ತದೆ. ಆಗ ಹಸಿ ಕಟ್ಟಿಗೆ ತುರುಕಿದ ಒಲೆಯಂತೆ ಉರಿಗಿಂತ ಹೊಗೆ ಹೆಚ್ಚಾಗುತ್ತದೆ. ಆ ಹೊಗೆಯೇ ಕೀಟೋನ್. ದನ ಕಾಳು-ಹಿಂಡಿಯ ದಾಣಿ ಬಿಟ್ಟು ಒಣಹುಲ್ಲು ಮಾತ್ರ ಮೂಸುತ್ತದೆ, ಹಾಲು ಇಳಿಯುತ್ತದೆ, ಉಸಿರಿಗೆ ಕಳಿತ ಹಣ್ಣಿನ ವಾಸನೆ ಬರುತ್ತದೆ. ಇದು ಕಣ್ಣಿಗೆ ಕಾಣುವ ಕಾಯಿಲೆ. ಕಾಣದ ನಷ್ಟ ಗರ್ಭಕೋಶದ ಕಡೆಗಿದೆ. ಮೈ ಕರಗುತ್ತಿರುವಷ್ಟು ದಿನ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನಿನ ಸಂದೇಶ ಕ್ಷೀಣವಾಗಿರುತ್ತದೆ. ಹೊಟ್ಟೆಗೆ ಸಾಲದ ಕಾಲದಲ್ಲಿ ಇನ್ನೊಂದು ಕರು ಬೇಡವೆಂದು ದೇಹವೇ ತಡೆ ಹಿಡಿಯುತ್ತದೆ. ಅಂಡದ ಚೀಲವೊಂದು ಬೆಳೆದು ಪಕ್ವವಾಗಲು ಎರಡೂವರೆ ಮೂರು ತಿಂಗಳು ಹಿಡಿಯುವುದರಿಂದ, ಎಂಬತ್ತನೇ ದಿನ ನೀವು ಕೃತಕ ಗರ್ಭಧಾರಣೆಯ ಸೂಜಿ ಹಾಕಿಸುವಾಗ ಹೊರಬರುವ ಅಂಡ ಹಸಿವಿನ ಆ ಮೊದಲ ವಾರಗಳಲ್ಲೇ ಬೆಳೆಯಲು ತೊಡಗಿದ್ದು. ಆಗ ಮಾಡಿದ ಕಂಜೂಸಿಗೆ ದಂಡ ತೆರುವುದು ಎರಡು ಮೂರು ತಿಂಗಳ ಆಮೇಲೆ. ‘ಎಷ್ಟು ಸಲ ಸೂಜಿ ಹಾಕಿಸಿದರೂ ನಿಲ್ಲುತ್ತಿಲ್ಲ’ ಎಂದು ಡಾಕ್ಟರನ್ನು ಬೈಯುವವರು ಒಮ್ಮೆ ಹಿಂದಿರುಗಿ ಈದ ತಿಂಗಳ ಗೋದಲಿಯನ್ನು ನೆನೆಸಿಕೊಳ್ಳಬೇಕು.

ತಯಾರಿ ಶುರುವಾಗಬೇಕಾದ್ದು ಈಯುವ ಮೂರು ವಾರ ಮೊದಲು. ಹಾಲು ಬತ್ತಿಸಿದ ಎರಡು ತಿಂಗಳಲ್ಲಿ ದನವನ್ನು ಉಪವಾಸ ಕೆಡಹುವುದೂ ತಪ್ಪು, ಕೊಬ್ಬಿಸುವುದೂ ತಪ್ಪು. ಅತಿಯಾಗಿ ಕೊಬ್ಬಿದ ದನ ಈದ ಮೇಲೆ ಇನ್ನೂ ಕಡಿಮೆ ಮೇಯುತ್ತದೆ. ಅಳತೆಗೆ ತಕ್ಕಡಿ ಬೇಡ, ಕೈ ಸಾಕು. ದನದ ಹಿಂದೆ ನಿಂತು ಬಾಲದ ಬುಡದ ಎರಡೂ ಕಡೆಯ ಗುಳಿ ನೋಡಿ. ಆಮೇಲೆ ಅಂಗೈಯನ್ನು ಚಪ್ಪಟೆಯಾಗಿ ಕೊನೆಯ ಪಕ್ಕೆಲುಬುಗಳ ಮೇಲೆ ಸವರಿ. ಸ್ವಲ್ಪ ಒತ್ತಿದರೆ ಒಂದೊಂದು ಎಲುಬೂ ಬೆರಳಿಗೆ ಸಿಗಬೇಕು, ದೂರದಿಂದ ಕಣ್ಣಿಗೆ ಎದ್ದು ಕಾಣಬಾರದು. ಸೊಂಟದ ಮೂಳೆ ದುಂಡಗಿರಬೇಕು, ಮೊನಚಾಗಿರಬಾರದು. ಪಶುವೈದ್ಯರು ಒಂದರಿಂದ ಐದರವರೆಗಿನ ಅಂಕ ಹಾಕುತ್ತಾರೆ. ಈಯುವಾಗ 3ರಿಂದ 3.5 ಇರಬೇಕು. ಈದ ಮೇಲೆ ಅರ್ಧ ಅಂಕ ಇಳಿದರೆ ಗಾಬರಿಯಿಲ್ಲ. ಒಂದಕ್ಕಿಂತ ಹೆಚ್ಚು ಇಳಿದರೆ ಗರ್ಭ ಕಟ್ಟುವ ಸಾಧ್ಯತೆ ಕುಗ್ಗುತ್ತ ಹೋಗುತ್ತದೆ.

ಕೊನೆಯ ಮೂರು ವಾರ ದಾಣಿಯನ್ನು ನಿಧಾನವಾಗಿ ದಿನಕ್ಕೆ ಎರಡು ಕಿಲೋವರೆಗೆ ತನ್ನಿ. ಇದರಿಂದ ಹೊಟ್ಟೆ ತುಂಬುವುದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮೆಲುಕು ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಹುಲ್ಲು ಕರಗಿಸುವವು ಬೇರೆ, ಕಾಳು ಕರಗಿಸುವವು ಬೇರೆ. ಬರೀ ಹುಲ್ಲಿನ ಮೇಲಿದ್ದ ದನ ಕಾಳಿಗೆ ಒಗ್ಗಲು ಎರಡು ಮೂರು ವಾರ ಬೇಕು. ಈ ಅವಧಿಯಲ್ಲಿ ಸುಣ್ಣದಂಶದ ಪುಡಿ, ಕ್ಯಾಲ್ಸಿಯಂ ಬಾಟಲಿ ಧಾರಾಳವಾಗಿ ಕೊಡಬೇಡಿ. ಹೊರಗಿನಿಂದ ಸುಲಭವಾಗಿ ಸಿಕ್ಕರೆ ಮೂಳೆಯಿಂದ ತೆಗೆಯುವ ರೂಢಿ ದೇಹಕ್ಕೆ ತಪ್ಪುತ್ತದೆ. ಈದ ಕೂಡಲೇ ಗಿಣ್ಣು ಹಾಲಿಗೆ ಒಮ್ಮೆಲೇ ಸುಣ್ಣ ಹರಿದಾಗ ದನ ಕುಸಿಯುತ್ತದೆ. ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ವಾಲಿಸಿ, ಏಳಲಾರದೆ ಮಲಗುವ ಆ ಹಾಲು ಜ್ವರಕ್ಕೆ ರಕ್ತನಾಳದ ಮೂಲಕ ಕ್ಯಾಲ್ಸಿಯಂ ಕೊಡಬೇಕು. ಅದನ್ನು ಪಶುವೈದ್ಯರೇ ಮಾಡಬೇಕು. ವೇಗ ತಪ್ಪಿದರೆ ಹೃದಯ ನಿಲ್ಲುತ್ತದೆ.

ಈದ ದಿನ ಬೆಚ್ಚಗಿನ ನೀರು, ಬೆಲ್ಲ, ಗೋಧಿ ಬೂಸಾದ ಗಂಜಿ, ಒಳ್ಳೆಯ ಹುಲ್ಲು ಇಷ್ಟು ಸಾಕು. ಕರುವಿಗೆ ಗಿಣ್ಣು ಹಾಲು ಮೊದಲ ಗಂಟೆಯಲ್ಲೇ ಸಿಗಬೇಕು. ಮಾಸು ಬಿದ್ದಿತೇ ನೋಡಿ. ಹನ್ನೆರಡು ಗಂಟೆ ದಾಟಿದರೂ ಬೀಳದಿದ್ದರೆ ಎಳೆಯಬೇಡಿ, ಡಾಕ್ಟರಿಗೆ ಹೇಳಿ. ಮೊದಲ ಮೂರು ನಾಲ್ಕು ದಿನ ಮೂರು ಕಿಲೋ ದಾಣಿ ಮೀರಬೇಡಿ. ಆಮೇಲೆ ಎರಡು ದಿನಕ್ಕೊಮ್ಮೆ ಅರ್ಧ ಕಿಲೋ ಏರಿಸುತ್ತ ಹೋಗಿ. ಮೂರರಿಂದ ಏಳು ಕಿಲೋಗೆ ಏರಲು ಹದಿನಾರು ದಿನ ಹಿಡಿಯುತ್ತದೆ, ಹಿಡಿಯಲಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಹಾಲು ಏರುವುದನ್ನು ಕಂಡ ಉತ್ಸಾಹಕ್ಕೆ ಮೂರನೇ ದಿನವೇ ಬುಟ್ಟಿ ತುಂಬ ಸುರಿಯುತ್ತಾರೆ. ಒಗ್ಗದ ಹೊಟ್ಟೆಯಲ್ಲಿ ಕಾಳು ಹುಳಿಯುತ್ತದೆ, ಮೆಲುಕು ನಿಲ್ಲುತ್ತದೆ, ಸಗಣಿ ತೆಳುವಾಗಿ ನೊರೆ ಕಟ್ಟುತ್ತದೆ, ಗೊರಸು ನೋಯತೊಡಗುತ್ತದೆ, ಹಾಲಿನ ಜಿಡ್ಡು ಇಳಿಯುತ್ತದೆ.

ಎಷ್ಟು ಹಾಕಬೇಕು ಎನ್ನುವುದಕ್ಕೆ ನಮ್ಮ ದೇಶದಲ್ಲಿ ಒಂದು ರೂಢಿಯ ಸೂತ್ರವಿದೆ. ಮೈ ನಡೆಸಲು ಒಂದರಿಂದ ಎರಡು ಕಿಲೋ ದಾಣಿ. ಅದರ ಮೇಲೆ ಹಸುವಿಗೆ ಎರಡೂವರೆ ಲೀಟರ್ ಹಾಲಿಗೊಂದು ಕಿಲೋ, ಎಮ್ಮೆಗೆ ಎರಡು ಲೀಟರಿಗೊಂದು ಕಿಲೋ. ಹಸಿಮೇವು ಚೆನ್ನಾಗಿದ್ದರೆ ಮೈಯ ಪಾಲನ್ನು ಒಂದು ಕಿಲೋಗೆ ಇಳಿಸಬಹುದು. ನಮ್ಮ 12 ಲೀಟರಿನ ಮುರ್ರಾಕ್ಕೆ ಹೀಗೆ 7 ಕಿಲೋ ದಾಣಿ, 20 ಕಿಲೋ ಹಸಿಹುಲ್ಲು, 3 ಕಿಲೋ ಒಣಹುಲ್ಲು ಆಗುತ್ತದೆ. ದಾಣಿಯನ್ನು ನಾಲ್ಕು ಹೊತ್ತಿಗೆ ಹಂಚಿ, ಒಂದು ಹೊತ್ತಿಗೆ ಎರಡು ಕಿಲೋ ದಾಟದಂತೆ. ಮೊದಲು ಹುಲ್ಲು, ಆಮೇಲೆ ದಾಣಿ. ಹಾಲು ಏರುತ್ತಿರುವ ವಾರಗಳಲ್ಲಿ ಇಂದಿನ ಹಾಲಿನ ಲೆಕ್ಕಕ್ಕಿಂತ ಅರ್ಧ ಒಂದು ಕಿಲೋ ಮುಂದೆಯೇ ಇರಿ. ಹಾಲು ಅದನ್ನು ಹಿಂಬಾಲಿಸಿ ಏರಿದರೆ ಇನ್ನೂ ಅರ್ಧ ಕಿಲೋ ಕೊಡಿ. ಏರದೆ ನಿಂತರೆ ಅಲ್ಲಿಗೆ ನಿಲ್ಲಿಸಿ. ತುದಿಯಲ್ಲಿ ಒಂದು ಲೀಟರ್ ಹೆಚ್ಚು ಸಿಕ್ಕರೆ ಆ ಸೂಲಿನಲ್ಲಿ ಒಟ್ಟು ಇನ್ನೂರು ಲೀಟರಿನಷ್ಟು ಹೆಚ್ಚು ಸಿಗುತ್ತದೆ ಎನ್ನುವುದು ಡೇರಿಯವರ ಹಳೆಯ ಲೆಕ್ಕ. ಹಾಗಾಗಿ ಈ ಅರ್ಧ ಕಿಲೋ ನಷ್ಟವಲ್ಲ.

ದಾಣಿಯನ್ನು ಮನೆಯಲ್ಲೇ ಕಲಸುವುದಾದರೆ 100 ಕಿಲೋಗೆ ಮೆಕ್ಕೆಜೋಳದ ನುಚ್ಚು 32, ಗೋಧಿ ಬೂಸಾ 20, ಹತ್ತಿಕಾಳು ಹಿಂಡಿ 15, ಶೇಂಗಾ ಹಿಂಡಿ 15, ತೊಗರಿ ಅಥವಾ ಕಡಲೆ ಚುನಿ 15, ಖನಿಜ ಮಿಶ್ರಣ 2, ಉಪ್ಪು 1. ಇದರಲ್ಲಿ ಪ್ರೋಟೀನ್ ಶೇ. 18ರಷ್ಟು ಬರುತ್ತದೆ. ಸಂಘದ ಚೀಲದ ಫೀಡ್ ಸಿಗುವ ಕಡೆ ಅದೇ ಆದೀತು. ಹತ್ತಿಕಾಳು ಹಿಂಡಿಯ ಪ್ರೋಟೀನಿನಲ್ಲಿ ಒಂದು ಪಾಲು ಮೆಲುಕು ಹೊಟ್ಟೆಯಲ್ಲಿ ಕರಗದೆ ಕರುಳಿಗೆ ದಾಟುತ್ತದೆ. ಹೆಚ್ಚು ಹಾಲಿನ ದನಕ್ಕೆ ಬೇಕಾದದ್ದೇ ಅದು, ಮುಂಬಯಿಯವರು ಸರ್ಕಿಯನ್ನು ಬಿಡದಿರುವುದಕ್ಕೆ ಕಾರಣವಿದೆ. ಹಾಗೆಂದು ಹಿಂಡಿಯನ್ನು ಮನಸ್ಸಿಗೆ ಬಂದಷ್ಟು ಹಾಕಬೇಡಿ. ಕಾಳಿನ ಶಕ್ತಿ ಇಲ್ಲದೆ ಪ್ರೋಟೀನ್ ಒಂದೇ ಮಿತಿಮೀರಿದರೆ ರಕ್ತದಲ್ಲಿ ಯೂರಿಯಾ ಏರುತ್ತದೆ, ಗರ್ಭಕೋಶದ ವಾತಾವರಣ ಕೆಡುತ್ತದೆ, ನಿಂತ ಗರ್ಭವೂ ಉಳಿಯದೆ ಹೋಗಬಹುದು.

ಮುಂಬಯಿಯ ಮಳೆಗಾಲದ ಬಗ್ಗೆ ಒಂದು ಎಚ್ಚರಿಕೆ. ಜೂನಿನಿಂದ ಸೆಪ್ಟೆಂಬರಿನವರೆಗಿನ ಈ ತೇವದಲ್ಲಿ ಶೇಂಗಾ ಹಿಂಡಿ, ಮೆಕ್ಕೆಜೋಳ ಬೇಗ ಬೂಸ್ಟು ಹಿಡಿಯುತ್ತವೆ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ದನದ ಪಿತ್ತಜನಕಾಂಗವನ್ನು ಹಾಳು ಮಾಡುವುದಲ್ಲದೆ ಹಾಲಿಗೂ ಇಳಿಯುತ್ತದೆ. ಆ ಹಾಲನ್ನು ಕುಡಿಯುವುದು ಮಕ್ಕಳು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಹದಿನೈದು ದಿನಕ್ಕೆ ಸಾಕಾಗುವಷ್ಟೇ ತನ್ನಿ. ಉಂಡೆ ಕಟ್ಟಿದ, ಮುಗ್ಗಲು ವಾಸನೆಯ ಹಿಂಡಿಯನ್ನು ಒಣಗಿಸಿ ಹಾಕುವ ಉಪಾಯ ಮಾಡಬೇಡಿ, ವಿಷ ಬಿಸಿಲಿಗೆ ಹೋಗುವುದಿಲ್ಲ. ಅದೇ ತಿಂಗಳುಗಳಲ್ಲಿ ಬರುವ ಎಳೆಯ ಹಸಿಹುಲ್ಲಿನಲ್ಲಿ ನೀರೇ ಹೆಚ್ಚು. ಬುಟ್ಟಿ ತುಂಬಿ ಕಂಡರೂ ಹೊಟ್ಟೆಗೆ ಸಾಲದು. ಒಣಹುಲ್ಲು ಬೆರೆಸಿಯೇ ಹಾಕಿ. ಬೇಸಿಗೆಯಲ್ಲಿ ಪಾಡು ಬೇರೆ. ಬರೀ ಭತ್ತದ ಹುಲ್ಲಿನ ಮೇಲೆ ತಿಂಗಳುಗಟ್ಟಲೆ ನಿಂತ ದನಕ್ಕೆ ಎ ಜೀವಸತ್ವವಾಗಲಿ ರಂಜಕವಾಗಲಿ ಸಿಗುವುದಿಲ್ಲ. ಆ ಹುಲ್ಲಿನಲ್ಲಿರುವ ಆಕ್ಸಲೇಟ್ ಇದ್ದ ಸುಣ್ಣವನ್ನೂ ಹಿಡಿದುಕೊಳ್ಳುತ್ತದೆ. ಬೆದೆಗೇ ಬರದ ದನಗಳಲ್ಲಿ ಎಷ್ಟೋ ಇಂಥವೇ.

ಅದಕ್ಕಾಗಿಯೇ ಖನಿಜ ಮಿಶ್ರಣವನ್ನು ನಾನು ಐಚ್ಛಿಕವೆಂದು ಎಂದೂ ಹೇಳುವುದಿಲ್ಲ. ರಂಜಕ, ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ ಇವು ಗ್ರಾಂ, ಮಿಲಿಗ್ರಾಂ ಲೆಕ್ಕದಲ್ಲಿ ಬೇಕಾದವು, ಆದರೆ ಇವಿಲ್ಲದೆ ಅಂಡಾಶಯ ಕೆಲಸ ಮಾಡುವುದಿಲ್ಲ. ಯಾವ ಮಣ್ಣಿನಲ್ಲಿ ಯಾವುದು ಕಡಿಮೆಯೋ ಅಲ್ಲಿನ ಹುಲ್ಲಿನಲ್ಲೂ ಅದೇ ಕಡಿಮೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣದ ಮೇಲೆ ಅಲ್ಲಿನ ವಿಜ್ಞಾನಿಗಳು ಬಹಳ ಕೆಲಸ ಮಾಡಿದ್ದಾರೆ. ಊರಿಗೆ ಮರಳಿ ಹಸು ಕಟ್ಟುವವರು ಆಯಾ ಜಿಲ್ಲೆಗೆ ಹೇಳಿದ ಮಿಶ್ರಣವನ್ನೇ ಕೇಳಿ ತನ್ನಿ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಸಮತೋಲಿತ ಆಹಾರ ಕಾರ್ಯಕ್ರಮದಲ್ಲಿ ದನದ ತೂಕ, ಹಾಲು, ಸಿಗುವ ಮೇವು ಹೇಳಿದರೆ ಲೆಕ್ಕ ಹಾಕಿ ಕೊಡುವ ವ್ಯವಸ್ಥೆಯೂ ಇದೆ. ಮುಂಬಯಿಯಲ್ಲೇ ಇರುವವರಿಗೆ 1886ರಿಂದ ನಡೆದುಬಂದ ಪರೇಲಿನ ಪಶುವೈದ್ಯ ಕಾಲೇಜು ಇದೆ, ಸಂಕೋಚಪಡದೆ ಹೋಗಿ ಕೇಳಿ.

ಬೈಪಾಸ್ ಫ್ಯಾಟ್ ಬಗ್ಗೆ ಹೊಸಬರು ಮೊದಲೇ ಕೇಳುತ್ತಾರೆ. ಅದು ಸುಣ್ಣದೊಂದಿಗೆ ಕಟ್ಟಿದ ಕೊಬ್ಬು, ಮೆಲುಕು ಹೊಟ್ಟೆಯಲ್ಲಿ ಕರಗದೆ ಮುಂದೆ ಹೋಗಿ ಶಕ್ತಿ ಕೊಡುತ್ತದೆ. ಹೆಚ್ಚು ಹಾಲಿನ ದನಕ್ಕೆ ಈದ ಮೊದಲ ಮೂರು ತಿಂಗಳು ದಿನಕ್ಕೆ 100ರಿಂದ 200 ಗ್ರಾಂ ಕೊಟ್ಟರೆ ಮೈ ಕರಗುವುದು ಕಡಿಮೆಯಾಗುತ್ತದೆ. ಆದರೆ ನೀರು, ಹುಲ್ಲು, ಖನಿಜ ಸರಿಯಿಲ್ಲದ ಕೊಟ್ಟಿಗೆಗೆ ಇದನ್ನು ಕೊಳ್ಳುವುದು ದುಡ್ಡಿನ ದಂಡ. ಇದರ ಬದಲಿಗೆ ಅಡುಗೆ ಎಣ್ಣೆ ಸುರಿಯುವುದೂ ಸರಿಯಲ್ಲ; ಎಣ್ಣೆ ಹುಲ್ಲಿನ ನಾರಿಗೆ ಮೆತ್ತಿಕೊಂಡು ಸೂಕ್ಷ್ಮಜೀವಿಗಳ ಕೆಲಸ ಕೆಡಿಸುತ್ತದೆ.

ನೀರಿನ ಮಾತು ಯಾರಿಗೂ ರುಚಿಸುವುದಿಲ್ಲ, ಅದರಲ್ಲೂ ಟ್ಯಾಂಕರ್ ತರಿಸುವ ಉಪನಗರಗಳಲ್ಲಿ. ನಮ್ಮ ಮುರ್ರಾಕ್ಕೆ ದಿನಕ್ಕೆ 80ರಿಂದ 100 ಲೀಟರ್ ಕುಡಿಯುವ ನೀರು ಬೇಕು. ಕಟ್ಟಿದಲ್ಲೇ ಇಪ್ಪತ್ನಾಲ್ಕು ಗಂಟೆ ಎಟಕುವಂತಿರಬೇಕು. ನೀರು ಕಡಿಮೆಯಾದರೆ ಮೇವು ಕಡಿಮೆಯಾಗುತ್ತದೆ, ಅಲ್ಲಿಗೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಎಮ್ಮೆಗೆ ಬೆವರುವ ಶಕ್ತಿ ಕಡಿಮೆ, ಮೈಯೂ ಕಪ್ಪು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೈಮೇಲೆ ನೀರು ಬೀಳಲೇಬೇಕು. ಆ ದಿನಗಳಲ್ಲಿ ಮೇವಿನ ದೊಡ್ಡ ಪಾಲನ್ನು ರಾತ್ರಿ ಮತ್ತು ಬೆಳಗಿನ ಜಾವಕ್ಕೆ ತಳ್ಳಿ.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ? ಮೇವು ಹಾಕಿ ಒಂದೆರಡು ಗಂಟೆಯಾದ ಮೇಲೆ, ಮಲಗಿರುವ ದನದ ಹತ್ತಿರ ಸದ್ದಿಲ್ಲದೆ ಕುಳಿತುಕೊಳ್ಳಿ. ಮೆಲುಕಿನ ಉಂಡೆ ಗಂಟಲಲ್ಲಿ ಏರಿ ಬರುವುದು ಕಾಣುತ್ತದೆ. ಅದು ಮತ್ತೆ ಇಳಿಯುವವರೆಗೆ ದವಡೆ ಎಷ್ಟು ಸಲ ಆಡುತ್ತದೆ ಎಣಿಸಿ. ಐವತ್ತು ಅರವತ್ತು ಇದ್ದರೆ ನಾರು ಸಾಕಷ್ಟಿದೆ. ಮೂವತ್ತು ನಲವತ್ತಕ್ಕೇ ನುಂಗುತ್ತಿದ್ದರೆ ದಾಣಿ ಹೆಚ್ಚು, ಹುಲ್ಲು ಕಡಿಮೆ. ಎದ್ದಾಗ ಎಡ ಪಕ್ಕೆಯ ಹಿಂದಿನ ತ್ರಿಕೋನದ ಗುಳಿ ನೋಡಿ. ಅದು ತುಂಬಿಕೊಂಡಿದ್ದರೆ ದನ ಮೇದಿದೆ. ಅಂಗೈ ಹಿಡಿಸುವಷ್ಟು ಒಳಗೆ ಕುಸಿದಿದ್ದರೆ ನೀವು ಹಾಕಿದ್ದು ಒಳಗೆ ಹೋಗಿಲ್ಲ. ಸಗಣಿ ಬಿದ್ದಲ್ಲಿ ನಡುವೆ ಚಿಕ್ಕ ಗುಳಿಯೊಂದಿಗೆ ನಿಲ್ಲಬೇಕು, ಹರಿದುಹೋಗಬಾರದು, ಗಟ್ಟಿ ಮುದ್ದೆಯೂ ಆಗಬಾರದು. ಬೆರಳಿನಲ್ಲಿ ಬಿಡಿಸಿದಾಗ ಇಡೀ ಕಾಳು ಸಿಕ್ಕರೆ ನುಚ್ಚನ್ನು ಇನ್ನಷ್ಟು ಸಣ್ಣಗೆ ಒಡೆಸಿ. ಬೆಳಿಗ್ಗೆ ಗೋದಲಿಯಲ್ಲಿ ಸ್ವಲ್ಪವಾದರೂ ಹುಲ್ಲು ಉಳಿದಿರಬೇಕು. ನೆಕ್ಕಿದಂತೆ ಖಾಲಿಯಾಗಿದ್ದರೆ ರಾತ್ರಿ ಹಸಿದಿತ್ತು ಎಂದೇ ಅರ್ಥ.

ಗೋಡೆಗೆ ಒಂದು ಹಲಗೆ ತೂಗುಹಾಕಿ. ಈದ ದಿನ, ವಾರಕ್ಕೊಂದು ದಿನದ ಹಾಲಿನ ಅಳತೆ, ಇಪ್ಪತ್ತು ದಿನಕ್ಕೊಮ್ಮೆ ಮೈಯ ಅಂಕ, ಬೆದೆ ಕಂಡ ದಿನ ಬರೆಯಿರಿ. ಇದಿಲ್ಲದವರ ಕೊಟ್ಟಿಗೆಯಲ್ಲಿ ‘ಮೊನ್ನೆ ತಾನೆ ಈದದ್ದು’ ಎನ್ನುವ ಎಮ್ಮೆಗೆ ಎಷ್ಟೋ ಸಲ ಆರು ತಿಂಗಳಾಗಿರುತ್ತದೆ.

ಈದ ಮೂರು ನಾಲ್ಕು ವಾರದೊಳಗೆ ಗರ್ಭಕೋಶದ ಸ್ರಾವ ನಿಂತು ಶುಭ್ರವಾಗಬೇಕು. ಕೀವು, ದುರ್ವಾಸನೆ ಇದ್ದರೆ ಆಗಲೇ ತೋರಿಸಿ. ಮೊದಲ ಬೆದೆ ಬೇಗ ಬಂದರೂ ಸೂಜಿಗೆ ಅರವತ್ತು ದಿನ ಕಾಯಿರಿ, ತಾರೀಖು ಮಾತ್ರ ಬರೆದಿಡಿ. ಬೆದೆ 21 ದಿನಕ್ಕೊಮ್ಮೆ ತಿರುಗಿ ಬರುತ್ತದೆ. ಒಂದು ತಪ್ಪಿದರೆ ಮೂರು ವಾರದ ಮೇವು ಹೋಯಿತು. ಹಸು ಕೂಗುತ್ತದೆ, ಬೇರೆ ದನದ ಮೇಲೆ ಹಾರುತ್ತದೆ, ಹಾರಿಸಿಕೊಂಡು ನಿಲ್ಲುತ್ತದೆ. ಎಮ್ಮೆ ಅಷ್ಟೆಲ್ಲ ತೋರಿಸುವುದಿಲ್ಲ. ಅದರ ಮೂಕ ಬೆದೆಯನ್ನು ಹಿಡಿಯಲು ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಗಿನ ಜಾವ ಒಮ್ಮೆ ಲಾಟೀನು ಹಿಡಿದು ಹಿಂದೆ ಹೋಗಿ ನೋಡಬೇಕು: ಗಾಜಿನಂತೆ ತಿಳಿಯಾದ ಲೋಳೆ, ಪದೇ ಪದೇ ತೊಟ್ಟಿಕ್ಕುವ ಮೂತ್ರ, ಹಾಲಿನಲ್ಲಿ ಸ್ವಲ್ಪ ಇಳಿತ, ಮೇವಿನ ಮೇಲೆ ಉದಾಸೀನ. ಚಳಿಗಾಲದ ಕಡೆ ಎಮ್ಮೆಯ ಬೆದೆ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಕಟ್ಟಿದಲ್ಲೇ ನಿಂತ ಎಮ್ಮೆಯಲ್ಲಿ ಕಂಡುಹಿಡಿಯುವುದು ಇನ್ನೂ ಕಷ್ಟ, ದಿನಕ್ಕೊಂದು ಗಂಟೆಯಾದರೂ ಬಿಚ್ಚಿ ಬಿಡಿ. ಬೆಳಿಗ್ಗೆ ಕಂಡ ಬೆದೆಗೆ ಸಂಜೆ ಸೂಜಿ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ.

ಹಸುವಿನ ಗರ್ಭ ಸುಮಾರು 280 ದಿನ. ಈದ 85 ದಿನದೊಳಗೆ ನಿಂತರೆ ವರ್ಷಕ್ಕೊಂದು ಕರು. ಎಮ್ಮೆಯದು ಸುಮಾರು 310 ದಿನ; 120 ದಿನದೊಳಗೆ ನಿಂತರೆ ಹದಿನಾಲ್ಕು ತಿಂಗಳಿಗೊಂದು ಕರು. ಹೊಸಬರು ಇಷ್ಟನ್ನು ಗುರಿಯಾಗಿ ಇಟ್ಟುಕೊಂಡರೆ ಸಾಕು. ತೊಂಬತ್ತು ದಿನವಾದರೂ ಬೆದೆ ಕಾಣದ ದನವನ್ನು ‘ತಾನೇ ಬರುತ್ತದೆ’ ಎಂದು ಬಿಡಬೇಡಿ, ಪರೀಕ್ಷೆ ಮಾಡಿಸಿ. ನಗರದ ಮಿತಿಯೊಳಗೆ ಕಟ್ಟುವವರಿಗೆ ಇನ್ನೊಂದು ಮಾತು: ಮಹಾರಾಷ್ಟ್ರದಲ್ಲಿ ಅದಕ್ಕೆ 1976ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ದನ ತರುವ ಮೊದಲೇ ವಿಚಾರಿಸಿಕೊಳ್ಳಿ.

ಸೂಜಿ ಹಾಕಿಸಿ ಅರವತ್ತರಿಂದ ಎಪ್ಪತ್ತು ದಿನಕ್ಕೆ ಡಾಕ್ಟರು ಕೈ ಹಾಕಿ ಗರ್ಭ ನಿಂತದ್ದನ್ನು ಖಾತ್ರಿ ಮಾಡುತ್ತಾರೆ. ಅಷ್ಟು ಹೊತ್ತಿಗೆ ಹಾಲು ಇಳಿಮುಖವಾಗಿರುತ್ತದೆ, ಮೇಯುವುದು ಚೆನ್ನಾಗಿರುತ್ತದೆ. ಆಗ ದಾಣಿಯನ್ನು ಹಾಲಿನ ಲೆಕ್ಕಕ್ಕೆ ಸರಿಯಾಗಿ ಇಳಿಸುತ್ತ ಬನ್ನಿ, ಆದರೆ ಮೊದಲ ತಿಂಗಳುಗಳಲ್ಲಿ ಕರಗಿದ ಮೈ ತಿರುಗಿ ಬರುವವರೆಗೆ ಅರ್ಧ ಕಿಲೋ ಹೆಚ್ಚಿಗೆ ಇರಲಿ. ಕಳೆದುಕೊಂಡ ಮೈಯನ್ನು ಬತ್ತಿದ ಮೇಲೆ ತುಂಬುವುದಕ್ಕಿಂತ ಹಾಲು ಕೊಡುತ್ತಿರುವಾಗಲೇ ತುಂಬುವುದು ಅಗ್ಗವೂ ಹೌದು, ಸುಲಭವೂ ಹೌದು. ಈಯಲು ಎರಡು ತಿಂಗಳಿರುವಾಗ ಹಿಂಡುವುದನ್ನು ನಿಲ್ಲಿಸಿ, ಹಲಗೆಯ ಮೇಲೆ ಈಯಲಿರುವ ಹೊಸ ತಾರೀಖು ಬರೆದು, ಅದರಿಂದ ಮೂರು ವಾರ ಹಿಂದಕ್ಕೆ ಎಣಿಸಿ ಗುರುತು ಹಾಕಿ. ದಾಣಿ ಮತ್ತೆ ಶುರುವಾಗಬೇಕಾದ್ದು ಆ ದಿನ.